ಕಲ್ಲು ಮತ್ತು ಅಪ್ಪಣೆ

ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ, ಪೂರ್ತಿ ಹೊರಹೋಗದ ಮೂತ್ರ ಕೋಶದಲ್ಲೇ ನಿಂತು ಕಲ್ಲಾಗಿದೆ ಎಂದರು ಮೂತ್ರರೋಗ ತಜ್ಞರು. ಲೇಸರಿನಿಂದ ಪುಡಿಮಾಡಬಹುದು, ಹೊಟ್ಟೆ ಕೊಯ್ದೂ ತೆಗೆಯಬಹುದು. "ಯೋಚಿಸಿ ಹೇಳಿ ಮೇಷ್ಟ್ರೇ" ಎಂದರು. ರಾತ್ರಿ ಐದು ಬಾರಿ ಏಳುವವನಿಗೆ ಯೋಚಿಸಲು ವೇಳೆಯ ಕೊರತೆಯೇ? ಇತಿಹಾಸ ಕಲಿಸಿದವನಾದ್ದರಿಂದ ಹಳೆಯ ಪುಟಗಳನ್ನು ತಿರುವಿದೆ.

ಸುಶ್ರುತ ಸಂಹಿತೆಯಲ್ಲಿ ಅಶ್ಮರಿಯ ಚಿಕಿತ್ಸೆಗೆಂದೇ ಒಂದು ಅಧ್ಯಾಯವಿದೆ. ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರ. ಆದರೆ ಸುಮ್ಮನಿದ್ದರೆ ಸಾವು ನಿಶ್ಚಿತ, ಕೊಯ್ದರೆ ಫಲ ಸಂಶಯ. ಆದುದರಿಂದ ಒಡೆಯನ, ಅಂದರೆ ಅರಸನ, ಅಪ್ಪಣೆ ಪಡೆದೇ ವೈದ್ಯನು ಕೈಹಾಕತಕ್ಕದ್ದು. ಎಂತಹ ಪ್ರಾಮಾಣಿಕ ಮಾತು!

ಲಂಡನ್ನಿನ ದಿನಚರಿಕಾರ ಸಾಮ್ಯುಯೆಲ್ ಪೀಪ್ಸ್ 1658ರ ಮಾರ್ಚ್ 26ರಂದು, ತನ್ನ 25ನೆಯ ವಯಸ್ಸಿನಲ್ಲಿ, ಕೊಯ್ಸಿಕೊಳ್ಳಲು ತಾನೇ ನಿರ್ಧರಿಸಿದ. ಆಗ ಅರಿವಳಿಕೆಯಿಲ್ಲ, ರೋಗಿಯನ್ನು ಕಟ್ಟಿಹಾಕಿ ಕತ್ತಿಯಾಡಿಸುತ್ತಿದ್ದರು. ಬದುಕಿದ. ಮುಂದೆ ಆ ದಿನವನ್ನು ಹಬ್ಬದಂತೆ ನೆನೆದ, ಕಲ್ಲಿಗೊಂದು ಪೆಟ್ಟಿಗೆಯನ್ನೂ ಮಾಡಿಸಿದ.

1824ರಲ್ಲಿ ಪ್ಯಾರಿಸ್ಸಿನ ಝಾನ್ ಸಿವಿಯಾಲ್ ಮೂತ್ರನಾಳದ ಮೂಲಕವೇ ಉಪಕರಣವನ್ನು ತೂರಿಸಿ, ಕೊಯ್ಯದೆ ಕಲ್ಲನ್ನು ಪುಡಿಮಾಡಿದ. ಬಳಿಕ ಸಾವುಗಳನ್ನು ಎಣಿಸಿಯೂ ತೋರಿಸಿದ: ಹಳೆಯ ಕ್ರಮದಲ್ಲಿ ಸುಮಾರು ಐವರಲ್ಲಿ ಒಬ್ಬ, ತನ್ನದರಲ್ಲಿ ನೂರಕ್ಕೆ ಎರಡು ಮೂರು. 1835ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯಲ್ಲಿ ಈ ಲೆಕ್ಕದ ಮೇಲೆಯೇ ಚರ್ಚೆ ನಡೆಯಿತು.

ನಾನೂ ಲೆಕ್ಕ ಕೇಳಿದೆ. ವೈದ್ಯರು ಬೇಸರಿಸದೆ ಹೇಳಿದರು. ರಕ್ತಸ್ರಾವ, ಸೋಂಕು, ಯಾವುದನ್ನೂ ಮುಚ್ಚಿಡಲಿಲ್ಲ. ಒಪ್ಪಿಗೆ ಪತ್ರಕ್ಕೆ, ಅರಸನ ಬದಲು, ನಾನೇ ಸಹಿ ಹಾಕಿದೆ. ಲೇಸರ್. ಚೂರುಗಳು ಪುಟ್ಟ ಸೀಸೆಯಲ್ಲಿವೆ. ದೇವರ ಗೂಡಿನ ಹತ್ತಿರ ಮಾತ್ರ ಇಡಬೇಡಿ ಎಂದಿದ್ದಾಳೆ ನನ್ನಾಕೆ.