ಕಲಬುರಗಿಯ ಡೆಡ್ ಸೆಟ್ಟುಗಳು

ಆನ್ ಆಗದ ಸಬ್‌ವೂಫರನ್ನು ರಿಪೇರಿ ಅಂಗಡಿಗೆ ಒಯ್ದರೆ ಮೆಕ್ಯಾನಿಕ್ ಅದನ್ನು ‘ಡೆಡ್ ಸೆಟ್’ ಸಾಲಿಗೆ ಸೇರಿಸುತ್ತಾನೆ. ಟಿವಿಯಿರಲಿ, ಆಂಪ್ಲಿಫೈಯರ್ ಇರಲಿ, ಹುಡುಕಾಟ ಶುರುವಾಗುವುದು ಕರೆಂಟು ಒಳಗೆ ಬರುವ ಜಾಗದಿಂದಲೇ. ಈ ವಿದ್ಯೆ ದೊಡ್ಡ ಊರುಗಳಿಂದ ಜಿಲ್ಲೆಗಳಿಗೆ ಇಳಿದು ಬಂದದ್ದು ಎಂದು ಭಾವಿಸುವುದು ವಾಡಿಕೆ. ಟಿವಿಯ ಮಟ್ಟಿಗೆ ಕಲಬುರಗಿಯ ಚರಿತ್ರೆ ಆ ಲೆಕ್ಕಕ್ಕೆ ಒಗ್ಗುವುದಿಲ್ಲ. ಇಲ್ಲಿ ಈ ವಿದ್ಯೆ ರಾಜಧಾನಿಗಿಂತ ಮೊದಲೇ ಬೇಕಾಗಿತ್ತು, ಇಲ್ಲಿನ ಲೈನು ಮತ್ತು ಬಿಸಿಲು ಅದನ್ನು ಇಂದಿಗೂ ಬೇಡುತ್ತಿವೆ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಸಂಸ್ಥೆಯು ನಾಸಾದ ಎಟಿಎಸ್-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಟಿವಿ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಆಯ್ಕೆಯಾದದ್ದು ಗುಲಬರ್ಗಾ (ಇಂದಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಆಂಟೆನಾ, ಅದರ ಕೆಳಗೆ ಊರಿಗೆಲ್ಲ ಒಂದೇ ಟಿವಿ. ಒಂದು ಫ್ಯೂಸ್ ಹಾರಿದರೆ ಇಡೀ ಊರಿನ ಪರದೆ ಕಪ್ಪಾಗುತ್ತಿತ್ತು. ಆದ್ದರಿಂದ ದುರಸ್ತಿಯೂ ಪ್ರಸಾರದಷ್ಟೇ ಮುಖ್ಯವಾದ ಕೆಲಸವಾಗಿತ್ತು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವೇ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ.

ಸೈಟ್ ಒಂದೇ ವರ್ಷ ನಡೆಯಿತು, ಸೆಟ್ಟುಗಳನ್ನು ನೋಡಿಕೊಂಡದ್ದು ಇಸ್ರೋದ ವ್ಯವಸ್ಥೆ, ಅದರಿಂದ ಊರಿನ ಕಸುಬಿಗೆ ಏನು ದಕ್ಕಿತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ 1977ರಿಂದ 1981ರವರೆಗಿನ ನಾಲ್ಕು ವರ್ಷಗಳನ್ನು ಗಮನಿಸಬೇಕು. ಆಗ ಇಲ್ಲಿ ಟಿವಿ ಕೊಂಡವನಿಗೆ ಬೆಂಗಳೂರಿನ ಪಳಗಿದ ಕೈಗಳ ಆಸರೆ ಇರಲಿಲ್ಲ. ಅಲ್ಲಿ ಪ್ರಸಾರವೇ ಇರಲಿಲ್ಲವಲ್ಲ. ಹೈದರಾಬಾದಿಗೂ ದೂರದರ್ಶನ ಬಂದದ್ದು 1977ರಲ್ಲೇ. ಕೆಟ್ಟ ಸೆಟ್ಟನ್ನು ರೇಡಿಯೋ ಬಿಚ್ಚಿ ಗೊತ್ತಿದ್ದ ಸ್ಥಳೀಯ ಕೈಗಳೇ ಬಿಚ್ಚಬೇಕಾಗಿತ್ತು.

ಕಲಿಕೆಯನ್ನು ಬಿಡದೆ ನಡೆಸಿದ್ದು ಕರೆಂಟು. ಕಲಬುರಗಿ ಜಿಲ್ಲೆಯ ಕಮಲಾಪುರವನ್ನೇ ನೋಡಿ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಬಾಳೆಗೆ ನೀರು ಬೇಕು, ನೀರಿಗೆ ಪಂಪ್‌ಸೆಟ್ ಬೇಕು. ಮನೆಯ ದೀಪ ಮತ್ತು ಹೊಲದ ಮೋಟಾರು ಒಂದೇ ಫೀಡರ್ ಹಂಚಿಕೊಂಡಲ್ಲಿ ಮೋಟಾರುಗಳು ಶುರುವಾದೊಡನೆ ವೋಲ್ಟೇಜ್ ಕುಸಿಯುತ್ತದೆ. ಈ ಎರಡನ್ನೂ ಬೇರ್ಪಡಿಸಲೆಂದೇ ರಾಜ್ಯ ಸರ್ಕಾರ ‘ನಿರಂತರ ಜ್ಯೋತಿ’ ಯೋಜನೆ ತಂದದ್ದು. ಈಗ ಲೈನು ಸುಧಾರಿಸಿದೆ, ಹಳೆಯ ಮಾತೇಕೆ ಎನ್ನುವವರಿದ್ದಾರೆ. ಸುಧಾರಿಸಿರುವುದು ನಿಜ. ಆದರೂ ಟ್ರಾನ್ಸ್‌ಫಾರ್ಮರಿನಿಂದ ಬರುವ ನ್ಯೂಟ್ರಲ್ ಕಡಿದರೆ 230 ವೋಲ್ಟ್ ಇರಬೇಕಾದ ಮನೆಗೆ 400ರ ಹತ್ತಿರ ನುಗ್ಗಬಹುದು. ಬಿಸಿಲಂತೂ ಎಲ್ಲೂ ಹೋಗಿಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ, ಗೋಡೆಗೆ ಒತ್ತಿಟ್ಟ ಸಬ್‌ವೂಫರಿನ ಮುಚ್ಚಿದ ಡಬ್ಬಿಯೊಳಗೆ, ಹಾಡು ಹಾಕದಿದ್ದರೂ ಸ್ಟ್ಯಾಂಡ್‌ಬೈನಲ್ಲಿ ಹಗಲಿರುಳು ಆ ಕೆಪಾಸಿಟರುಗಳು ಬೇಯುತ್ತಲೇ ಇರುತ್ತವೆ.

ಪಳಗಿದವನು ಸ್ಕ್ರೂ ಬಿಚ್ಚುವ ಮೊದಲು ಬೇರೆ ಪ್ಲಗ್ಗಿನಲ್ಲಿ ಹಾಕಿ ನೋಡುತ್ತಾನೆ. ಹಿಂದಿನ ಸ್ವಿಚ್ ‘ಆಟೋ’ದಲ್ಲಿದ್ದರೆ ‘ಆನ್’ಗೆ ತರುತ್ತಾನೆ. ಆಟೋದಲ್ಲಿ ಕೇಬಲ್ಲಿನಿಂದ ಸಿಗ್ನಲ್ ಬಾರದೆ ಸೆಟ್ ಏಳುವುದಿಲ್ಲ, ದನಿ ತೀರ ಸಣ್ಣದಿದ್ದರೂ ಏಳದೆ ಇರಬಹುದು. ಆಮೇಲೆ ಗಾಜಿನ ಫ್ಯೂಸ್. ಒಳಗಿನ ತಂತಿ ಮಾತ್ರ ಸದ್ದಿಲ್ಲದೆ ತುಂಡಾಗಿದ್ದರೆ ಭಾರ ತಾಳದೆ ಕರಗಿರಬಹುದು. ಗಾಜೆಲ್ಲ ಕಪ್ಪಾಗಿದ್ದರೆ ಒಳಗೆ ಶಾರ್ಟ್ ಇರುವ ಸಂಭವವೇ ಹೆಚ್ಚು, ಹೊಸ ಫ್ಯೂಸ್ ಹಾಕಿದರೆ ಅದೂ ಹಾರುತ್ತದೆ. ಆದ್ದರಿಂದ ಅವನು 100 ವ್ಯಾಟಿನ ಹಳೆಯ ಕಾಲದ ಬಲ್ಬನ್ನು ಸೀರೀಸ್‌ನಲ್ಲಿ ಜೋಡಿಸಿದ ಬೋರ್ಡಿಗೆ ಸೆಟ್ಟನ್ನು ಹಚ್ಚುತ್ತಾನೆ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಶಾರ್ಟ್ ಇಲ್ಲ; ಪೂರ್ತಿ ಉರಿಯುತ್ತಲೇ ಇದ್ದರೆ ಡಯೋಡೋ ಟ್ರಾನ್ಸಿಸ್ಟರೋ ಹೋಗಿರಬಹುದು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಪ್ಲಗ್ ಕಿತ್ತ ಮೇಲೂ ಪವರ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಉಳಿದಿರಬಹುದು, ಅದು ಜೀವಕ್ಕೆ ಅಪಾಯ.

ಇಡೀ ಬೋರ್ಡೇ ಅಗ್ಗಕ್ಕೆ ಸಿಗುವಾಗ ಇಷ್ಟೆಲ್ಲ ಹುಡುಕುವುದೇಕೆ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಕೆಲವು ಸೆಟ್ಟುಗಳಿಗೆ ಬೋರ್ಡು ಬದಲಿಸುವುದೇ ಸರಿ. ಆದರೆ ಮಾಡೆಲ್ ನಿಂತುಹೋದರೆ ಬೋರ್ಡೂ ಸಿಗುವುದಿಲ್ಲ. ಆಗ ಗಟ್ಟಿಯಾಗಿರುವ ಸ್ಪೀಕರ್, ಮರದ ಪೆಟ್ಟಿಗೆಗಳೂ ಗುಜರಿ ಪಾಲಾಗುತ್ತವೆ, ಅದೂ ಉಬ್ಬಿದ ಒಂದು ಕೆಪಾಸಿಟರಿಗಾಗಿ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಅದರಲ್ಲಿ ಕಂಪನಿಗಳ ಸ್ವಂತ ಸರ್ವಿಸ್ ಸೆಂಟರುಗಳ ವಿಳಾಸ ಸಿಕ್ಕರಷ್ಟೇ ಕಮಲಾಪುರದಂಥ ಊರಿಗೆ ಸಾಲದು. ಪವರ್ ಬೋರ್ಡಿನ ಸರ್ಕ್ಯೂಟ್ ನಕ್ಷೆ ಅಲ್ಲಿನ ಮೆಕ್ಯಾನಿಕ್ಕಿನ ಮೇಜಿಗೂ ಬರಬೇಕು, ಐಟಿಐ ವಿದ್ಯಾರ್ಥಿಗಳಿಗೂ ಸಿಗಬೇಕು.