ಕಳೆದುಹೋದ ತುಣುಕಿನಲ್ಲಿ ಏನಿತ್ತು?

ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ಒಂದು ರಕ್ತದ ಕ್ಯಾನ್ಸರಿಗೆ ವೈದ್ಯರು ಸಿಎಲ್‌ಎಲ್ ಎನ್ನುತ್ತಾರೆ. ಇಂಥ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಕ್ಯಾನ್ಸರ್ ಕೋಶಗಳಲ್ಲಿ 13ನೇ ವರ್ಣತಂತುವಿನ ಒಂದು ತುಣುಕು ಇರುವುದಿಲ್ಲ. ಇಷ್ಟೊಂದು ಜನರಲ್ಲಿ ಒಂದೇ ಜಾಗ ಕಳೆದುಹೋಗಿದೆ ಎಂದರೆ ಕ್ಯಾನ್ಸರನ್ನು ತಡೆಯುವ ಜೀನ್ ಅಲ್ಲೇ ಇರಬೇಕು. 1990ರ ದಶಕದಲ್ಲಿ ಹಲವು ಪ್ರಯೋಗಾಲಯಗಳು ಈ ತರ್ಕ ಹಿಡಿದು ಹುಡುಕಿದವು. ಸಿಕ್ಕ ಜೀನುಗಳನ್ನು ಒಂದೊಂದಾಗಿ ಪರೀಕ್ಷಿಸಿದವು. ಯಾವುದೂ ಹೊಂದಲಿಲ್ಲ.

ನನ್ನ ಪಿಎಚ್‌.ಡಿ. ವಿಷಯ ಇದೇ ಆದ್ದರಿಂದ ಆ ಕಾಲದ ಪ್ರಬಂಧಗಳನ್ನು ಓದಬೇಕಾಯಿತು. ಕೆಲಸದಲ್ಲಿ ಕೊರತೆಯಿಲ್ಲ. ಆದರೆ ಜೀನ್ ಎಂದರೆ ಪ್ರೋಟೀನ್ ತಯಾರಿಸುವಂಥದ್ದು ಎಂದು ಎಲ್ಲರೂ ನಂಬಿದ್ದರು.

ಆ ನಂಬಿಕೆಗೆ ಅಪವಾದ ಅಷ್ಟರಲ್ಲೇ ಅಚ್ಚಾಗಿತ್ತು. ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ಹುಳುವಿನಲ್ಲಿ ಪ್ರೋಟೀನ್ ತಯಾರಿಸದ, ಕೇವಲ 22 ಅಕ್ಷರಗಳ ಒಂದು ಆರ್‌ಎನ್‌ಎ ಇನ್ನೊಂದು ಜೀನಿನ ಸಂದೇಶಕ್ಕೆ ಅಂಟಿಕೊಂಡು ಅದನ್ನು ತಗ್ಗಿಸುತ್ತದೆ ಎಂದು 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಅವರ ತಂಡಗಳು ತೋರಿಸಿದ್ದವು. (ಆಂಬ್ರೋಸ್ ತಂಡದ ಪ್ರಬಂಧದಲ್ಲಿ ಮೊದಲ ಹೆಸರು ರೊಸಾಲಿಂಡ್ ಲೀ ಅವರದು, 2024ರ ನೊಬೆಲ್ ಬಂದದ್ದು ಆಂಬ್ರೋಸ್ ಮತ್ತು ರುವ್‌ಕುನ್ ಇಬ್ಬರಿಗೇ.) ಹುಳುವಿನ ವಿಚಿತ್ರವೆಂದು ಬಹುತೇಕರು ಸುಮ್ಮನಾದರು. 2000ದಲ್ಲಿ ಲೆಟ್-7 ಎಂಬ ಎರಡನೆಯದು ಸಿಕ್ಕಿತು. ಅದು ಮನುಷ್ಯರಲ್ಲೂ ಇತ್ತು. ಮರುವರ್ಷ ಇಂಥವುಗಳ ದೊಡ್ಡ ಪಟ್ಟಿಯೇ ಹೊರಬಂದು, ಮೈಕ್ರೋಆರ್‌ಎನ್‌ಎ ಎಂಬ ಹೆಸರೂ ನಿಂತಿತು.

2002ರಲ್ಲಿ ಜಾರ್ಜ್ ಕ್ಯಾಲಿನ್, ಕಾರ್ಲೋ ಕ್ರೋಚೆ ಮತ್ತು ಸಂಗಡಿಗರು 13ನೇ ವರ್ಣತಂತುವಿನ ಒಗಟು ಬಿಡಿಸಿದರು. ಕಳೆದುಹೋದ ಜಾಗದಲ್ಲಿ ಇದ್ದದ್ದು ಮಿರ್-15, ಮಿರ್-16 ಎಂಬ ಎರಡು ಮೈಕ್ರೋಆರ್‌ಎನ್‌ಎ. ಅವರು ಪರೀಕ್ಷಿಸಿದ ಸುಮಾರು 68% ರೋಗಿಗಳಲ್ಲಿ ಇವು ಇಲ್ಲವಾಗಿದ್ದವು ಅಥವಾ ಕಡಿಮೆಯಾಗಿದ್ದವು. ಇವು ತಗ್ಗಿಸುತ್ತಿದ್ದ ಪ್ರೋಟೀನುಗಳಲ್ಲಿ ಒಂದು ಬಿಸಿಎಲ್‌-2 ಎಂದು 2005ರಲ್ಲಿ ತಿಳಿಯಿತು. ಹಾಳಾದ ಕೋಶಕ್ಕೆ ಸಾಯುವ ಸಂಕೇತ ಬಂದಾಗ ಅದನ್ನು ತಡೆದು ನಿಲ್ಲಿಸುವುದು ಈ ಪ್ರೋಟೀನ್. ಮಿರ್ ಹೋದರೆ ಇದು ಹೆಚ್ಚುತ್ತದೆ, ಸಾಯಬೇಕಾದ ಕೋಶ ಉಳಿಯುತ್ತದೆ. 1980ರ ದಶಕದಲ್ಲಿ ಬೇರೊಂದು ಕ್ಯಾನ್ಸರಿನಲ್ಲಿ ಬಿಸಿಎಲ್‌-2 ಜೀನನ್ನು ಗುರುತಿಸಿದ್ದೂ ಕ್ರೋಚೆ ಅವರ ಪ್ರಯೋಗಾಲಯವೇ!

ಅದೇ 2005ರಲ್ಲಿ ಫ್ರಾಂಕ್ ಸ್ಲ್ಯಾಕ್ ಅವರ ತಂಡ ಲೆಟ್-7ರ ಗುರಿಗಳಲ್ಲಿ ರಾಸ್ ಕೂಡ ಒಂದು ಎಂದು ತೋರಿಸಿತು. ಹೊರಗಿನಿಂದ ಬರುವ 'ಬೆಳೆ' ಎಂಬ ಸಂಕೇತವನ್ನು ಕೋಶದೊಳಕ್ಕೆ ದಾಟಿಸುವ ಪ್ರೋಟೀನ್ ರಾಸ್. ಶ್ವಾಸಕೋಶದ ಹಲವು ಗಡ್ಡೆಗಳಲ್ಲಿ ಲೆಟ್-7 ಕಡಿಮೆ, ರಾಸ್ ಹೆಚ್ಚು.

ಮೈಕ್ರೋಆರ್‌ಎನ್‌ಎ ಸಂಕೇತವನ್ನು ಪೂರ್ತಿ ನಂದಿಸುವುದು ಅಪರೂಪ. ಲಾಟೀನಿನ ಬತ್ತಿ ಇಳಿಸಿದ ಹಾಗೆ ಅದರ ಕೆಲಸ, ಅದೂ ಒಂದೇ ಸಲ ಹತ್ತಾರು ಲಾಟೀನುಗಳದ್ದು. ಇದನ್ನು ಔಷಧ ಮಾಡುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣವೆಂದು ನನಗನಿಸುತ್ತದೆ. ಕ್ಯಾನ್ಸರಿಗೆಂದು ಮನುಷ್ಯರಿಗೆ ಕೊಟ್ಟ ಮೊದಲ ಕೃತಕ ಮೈಕ್ರೋಆರ್‌ಎನ್‌ಎ ಎಂಆರ್‌ಎಕ್ಸ್‌34. ರೋಗಿಗಳ ರೋಗನಿರೋಧಕ ವ್ಯವಸ್ಥೆ ಅದಕ್ಕೆ ತೀವ್ರವಾಗಿ ಪ್ರತಿಕ್ರಿಯಿಸಿತು, ಕೆಲವರು ಸತ್ತರು. 2016ರಲ್ಲಿ ಪ್ರಯೋಗ ನಿಂತಿತು. ಅದೇ ವರ್ಷ ಬಿಸಿಎಲ್‌-2 ಪ್ರೋಟೀನನ್ನೇ ನೇರವಾಗಿ ತಡೆಯುವ ವೆನೆಟೊಕ್ಲಾಕ್ಸ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲು ಸಿಕ್ಕಿದ್ದು ಸಿಎಲ್‌ಎಲ್‌ನ ಒಂದು ವರ್ಗದ ರೋಗಿಗಳಿಗೆ.