ಇಂಗ್ಲಿಷ್ ಪ್ರವಾಸ ಬರಹಗಳಲ್ಲಿ ಠಾಣೆ–ಕಲ್ಯಾಣ ಸೀಮೆ

ಠಾಣೆ, ಕಲ್ಯಾಣ ಮತ್ತು ಅವುಗಳ ಸುತ್ತಲಿನ ಉತ್ತರ ಕೊಂಕಣವನ್ನು ಕಂಡ ಇಂಗ್ಲಿಷರು ಬರೆದಿಟ್ಟ ವರ್ಣನೆಗಳು ಇಲ್ಲಿಯ ವಿಷಯ. ತಮ್ಮ ದೇಶದ ಓದುಗನು ಎಂದೂ ಕಾಣಲಾರದ ಊರು, ಗುಹೆ, ಆಚರಣೆಗಳನ್ನು ಅವನ ಕಣ್ಣಿಗೆ ಕಟ್ಟಿಕೊಡುವುದು ಈ ಬರಹಗಾರರ ಗುರಿಯಾಗಿತ್ತು.

ಇವರಲ್ಲಿ ಮುಖ್ಯನಾದವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರಯರ್. ಸ್ನೇಹಿತನಿಗೆ ಬರೆದ ಎಂಟು ಪತ್ರಗಳ ರೂಪದಲ್ಲಿರುವ ಅವನ ಪ್ರವಾಸಕಥನ 1698ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 1675ರಲ್ಲಿ ಜುನ್ನರದ ಮೊಗಲ್ ಅಧಿಕಾರಿಯ ಕೋರಿಕೆಯಂತೆ ಚಿಕಿತ್ಸೆಗೆಂದು ಹೊರಟ ಅವನು ಕಲ್ಯಾಣದ ಮೇಲೆ ಹಾದು ಘಟ್ಟ ಹತ್ತಿದ. ಆಗ ಕಲ್ಯಾಣ ಹಾಳುಬಿದ್ದಿತ್ತು. ಅದರ ಅವಶೇಷಗಳಲ್ಲೂ ಘನತೆ ಉಳಿದಿದೆಯೆಂದು ಮನಸಾರೆ ಮೆಚ್ಚಿದ ಫ್ರಯರ್, ಕಲ್ಲಿನ ಮಹಡಿ ಮನೆಗಳು, ಮಸೀದಿಗಳು, ಕೊಳಗಳು, ಗೋರಿಗಳು ಎಂದು ಒಂದೊಂದನ್ನೂ ನೋಡಿ ಬರೆದಿದ್ದಾನೆ. ಆ ಹಾಳಿನ ನಡುವೆ ಬದುಕುತ್ತಿದ್ದ ಬಡವರ ಬಗ್ಗೆ ಮಾತ್ರ ಅವನ ಮಾತು ಕಟುವಾಗಿದೆ, ಅವರ ಮನೆಗಳನ್ನು ಹೀನಾಯವಾಗಿಯೇ ಕಂಡಿದ್ದಾನೆ. ಕಲ್ಲಿಗೆ ತೋರಿದ ಮರುಕ ಮನುಷ್ಯರಿಗೆ ಸಿಗದಿರುವುದು ಈ ಬಗೆಯ ಬರಹಗಳ ದೊಡ್ಡ ಕೊರತೆ.

ಇದೇ ಸೀಮೆಯ ಕಾನ್ಹೇರಿಯ ಬೌದ್ಧ ಗುಹೆಗಳು ಫ್ರಯರನಿಗೆ ಬಂಡೆಯಲ್ಲಿ ಕಡೆದ ನಗರವಾಗಿ ಕಂಡವು. ಬೌದ್ಧ ವಿಹಾರದ ಪರಿಚಯವಿಲ್ಲದ ಅವನು ಅಲ್ಲಿ ರೋಮನ್ನರ ಕಮ್ಮಾರ ದೇವತೆ ವಲ್ಕನ್ನನ ಕುಲುಮೆಯನ್ನೂ ಅದನ್ನು ಹೊತ್ತ ಇಬ್ಬರು ದೈತ್ಯರನ್ನೂ ಕಂಡ. ಅಪರಿಚಿತವಾದುದಕ್ಕೆ ಗ್ರೀಕ್–ರೋಮನ್ ಪುರಾಣದ ವೇಷ ತೊಡಿಸುವುದು ಆ ಕಾಲದ ವಿದ್ಯಾವಂತ ಇಂಗ್ಲಿಷರ ರೂಢಿ. ಓದುಗನಿಗೆ ಚಿತ್ರವೇನೋ ಮೂಡಿತು, ಆದರೆ ಸ್ಥಳದ ಸತ್ಯ ಮರೆಯಾಯಿತು. ಅದೇ ಬಂಡೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಸನಗಳಿವೆ. ಅವನ ಸಾಮಂತರಾದ ಕೊಂಕಣದ ಶಿಲಾಹಾರರ ಆಳ್ವಿಕೆಯಲ್ಲಿ ಭಿಕ್ಷುಗಳ ಬಟ್ಟೆಗೂ ಪುಸ್ತಕಗಳಿಗೂ ದತ್ತಿ ಬಿಟ್ಟ ಸಂಗತಿ ಅವುಗಳಲ್ಲಿದೆ. ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ಅಮೋಘವರ್ಷನ ಆಸ್ಥಾನದಲ್ಲಿ. ಕನ್ನಡ ಓದುಗರಿಗೆ ಕಾನ್ಹೇರಿ ದೂರದ ಅಚ್ಚರಿಯಲ್ಲ, ತಮ್ಮದೇ ಚರಿತ್ರೆಯ ಒಂದು ಪುಟ.

ಫ್ರಯರನ ಬರಹ ಗಟ್ಟಿಯಾಗುವುದು ಅವನು ತನ್ನ ವೃತ್ತಿಗೆ ಅಂಟಿಕೊಂಡಾಗ. ಜುನ್ನರದ ಆ ಅಧಿಕಾರಿಯ ಅಂತಃಪುರದಲ್ಲಿ ಪರದೆಯ ಹಿಂದಿದ್ದ ರೋಗಿಯ ನಾಡಿ ನೋಡಬೇಕಾಗಿತ್ತು. ವೈದ್ಯನನ್ನು ಪರೀಕ್ಷಿಸಲು ಮೊದಲು ಆರೋಗ್ಯವಂತ ಯುವತಿಯೊಬ್ಬಳ ಕೈ ಹಿಡಿಸಿದರು. ಅವಳು ರೋಗಿಯಲ್ಲವೆಂಬುದು ನಾಡಿಯ ಬಡಿತದಿಂದಲೇ ಅವನಿಗೆ ಗೊತ್ತಾಯಿತು. ಇಲ್ಲಿ ಪುರಾಣದ ಹೋಲಿಕೆಯಿಲ್ಲ, ನಡೆದದ್ದಷ್ಟೇ ಇದೆ, ಆದ್ದರಿಂದಲೇ ಇಂದಿಗೂ ನಂಬಿಕೆ ಹುಟ್ಟಿಸುತ್ತದೆ.

1825ರಲ್ಲಿ ಕಲ್ಕತ್ತೆಯ ಬಿಷಪ್ ರೆಜಿನಾಲ್ಡ್ ಹೀಬರ್ ಠಾಣೆಗೆ ಬಂದ. ಅವನ ಪ್ರವಾಸಕಥನ 1828ರಲ್ಲಿ, ಅವನು ತೀರಿಕೊಂಡ ಮೇಲೆ, ಹೊರಬಂತು. ಬಳಿಕ ಪ್ರಯಾಣದ ರೀತಿಯೇ ಬದಲಾಯಿತು: 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ 34 ಕಿ.ಮೀ. ರೈಲು ಓಡಿತು, ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ದೋಣಿ, ಪಲ್ಲಕ್ಕಿಗಳಲ್ಲಿ ಸಾಗುತ್ತಿದ್ದ ದಾರಿ ಕೆಲವೇ ತಾಸಿನದಾದಾಗ ಬರವಣಿಗೆಯೂ ಬದಲಾಯಿತು. ಜಾನ್ ಮರ್‍ರೆ ಸಂಸ್ಥೆ 1859ರಲ್ಲಿ ತಂದ ಭಾರತದ ಕೈಪಿಡಿಯಂಥವುಗಳಲ್ಲಿ ಬೆರಗಿಗಿಂತ ಪ್ರಯಾಣಿಕನ ಅನುಕೂಲವೇ ಮುಂದು.

ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತ್ಯದ ಗ್ಯಾಸೆಟಿಯರಿನ ಠಾಣೆ ಸಂಪುಟಗಳು (13 ಮತ್ತು 14) 1882ರಲ್ಲಿ ಬಂದವು. ಧಾರವಾಡ, ಬಿಜಾಪುರ, ಬೆಳಗಾವಿ, ಕೆನರಾ ಜಿಲ್ಲೆಗಳ ಸಂಪುಟಗಳೂ ಇದೇ ಮಾಲೆಯವು. ಪಂಡಿತ ಭಗವಾನ್‌ಲಾಲ್ ಇಂದ್ರಜಿ ಅವರ ಶಾಸನಜ್ಞಾನ ಠಾಣೆ ಸಂಪುಟಗಳಿಗೆ ಬಲ ತಂದಿತು. ಫ್ರಯರ್ ಕುಲುಮೆ ಕಂಡ ಕಡೆ ಈ ವಿದ್ವಾಂಸರು ರಾಜರ ಹೆಸರು, ಶಕವರ್ಷ, ದಾನಿಗಳ ಊರುಗಳನ್ನು ಓದಿದರು. ಪ್ರವಾಸಿಗರು ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಆಗ್ರಿ, ಕೋಳಿ ಸಮುದಾಯಗಳಿಗೂ ಅವರ ಉಪ್ಪಿನ ಗದ್ದೆ, ಮೀನುಗಾರಿಕೆಗಳಿಗೂ ಈ ಸಂಪುಟಗಳಲ್ಲಿ ಜಾಗ ಸಿಕ್ಕಿತು. 1970ರಲ್ಲಿ ಸ್ಥಾಪನೆಯಾದ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಮುಂದೆ ನವಿ ಮುಂಬಯಿಯನ್ನು ಕಟ್ಟಿದ್ದು ಅಂಥ ಜನರ ಹಳ್ಳಿಗಳಿದ್ದ ನೆಲದಲ್ಲೇ.